ತಂಗಿ ಓದಿದ ರಕ್ತ

ನನ್ನ ತಂಗಿಯನ್ನು ಓಟಗಾರ್ತಿ ಮಾಡಬೇಕೆಂದು ನಾನು ಬಹಳ ಹೆಣಗಿದೆ. ಧಾರವಾಡದಲ್ಲಿ ನಾವಿದ್ದ ಓಣಿಯ ಹಿಂದೆ ಒಂದು ಬಯಲಿತ್ತು. ನಾನಾಗ ದೈಹಿಕ ಶಿಕ್ಷಣದ ಕೋರ್ಸು ಓದುತ್ತಿದ್ದೆ. ಖೋ-ಖೋ ಆಡಿ ಹೆಸರು ಮಾಡಿದ್ದೆ, ಕಾಲಲ್ಲಿ ಸೊಕ್ಕಿತ್ತು. ಬೆಳಗಾಗುತ್ತಲೇ ಆಕೆಯನ್ನು ಎಬ್ಬಿಸಿಕೊಂಡು ಬಯಲಿಗೆ ಹೋಗುತ್ತಿದ್ದೆ. ಆಕೆ ಒಂದು ಸುತ್ತು ಓಡುತ್ತಿದ್ದಳು, ಎರಡನೆಯ ಸುತ್ತಿನ ಅರ್ಧಕ್ಕೆ ಕೂತುಬಿಡುತ್ತಿದ್ದಳು. ಕೂತಲ್ಲೇ ನೆಲ ನೋಡುತ್ತಿದ್ದಳು. ಇರುವೆ ಸಾಲು, ಬಳೆಚೂರು, ಹುಲ್ಲಿನ ಬೇರು, ಏನು ಸಿಕ್ಕರೂ ಆಯಿತು.

"ಏಳು, ಇನ್ನೊಂದು ಸುತ್ತು ಹೊಡಿ" ಎಂದು ನಾನು ಕೂಗಿದರೆ, ತಲೆ ಎತ್ತದೆ, "ನೀ ಓಡಕ್ಕಾ, ನಾ ಎಣಿಸ್ತೇನಿ" ಎನ್ನುತ್ತಿದ್ದಳು.

ನನಗಿಂತ ಹನ್ನೊಂದು ವರ್ಷ ಸಣ್ಣವಳು. ಆಕೆ ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ಅವ್ವ ತೀರಿಕೊಂಡಳು. ಅಪ್ಪ ಸರಕಾರಿ ಆಫೀಸಿನಲ್ಲಿ ಜೀಪು ಓಡಿಸುತ್ತಿದ್ದರು. ಸಾಹೇಬರು ಎಲ್ಲಿಗೆಂದರೆ ಅಲ್ಲಿಗೆ ಹೋಗಬೇಕು, ಎಂದು ಬರುತ್ತೇನೆಂದು ಹೇಳಿ ಹೋಗುವ ಕೆಲಸವಲ್ಲ. ಹಾಗಾಗಿ ತಂಗಿಯ ಜಡೆ, ಊಟ, ಜ್ವರ, ಪರೀಕ್ಷೆ ಎಲ್ಲ ನನ್ನ ಪಾಲಿಗೆ ಬಂದವು. ಇದನ್ನು ಭಾರವೆಂದು ಹೇಳುತ್ತಿಲ್ಲ. ಆ ವಯಸ್ಸಿನಲ್ಲಿ ನನಗೆ ಯಾರನ್ನಾದರೂ ಆಳುವುದು ಇಷ್ಟವಿತ್ತು, ಆಳಲು ಆಕೆಯೊಬ್ಬಳು ಸಿಕ್ಕಿದ್ದಳು.

ಓಡದಿದ್ದವಳು ಓದಿದಳು. ಅಪ್ಪ ಬಿಡುವಿದ್ದಾಗ ಪಡಸಾಲೆಯ ಬುದ್ಧನ ಫೋಟೋದ ಕೆಳಗೆ ಗೋಡೆಗೆ ಒರಗಿ ಕೂತು ಆಕೆ ಓದುವುದನ್ನೇ ನೋಡುತ್ತಿದ್ದರು. ಅದೇನು ಓದುತ್ತಾಳೆಂದು ಅವರಿಗೆ ತಿಳಿಯುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಆಕೆಗೆ ಮೆಡಿಕಲ್ ಸೀಟು ಸಿಕ್ಕಿತು. ಆ ದಿನ ಅಪ್ಪ ಖಾಕಿ ಅಂಗಿ ಬಿಚ್ಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಓಣಿಯ ಆ ತುದಿಯಿಂದ ಈ ತುದಿಗೆ ನಡೆದರು. ಯಾರಿಗೂ ತಾವಾಗಿ ಹೇಳಲಿಲ್ಲ. ಯಾರಾದರೂ "ಎಲ್ಲಿಗಿ ಹೊಂಟ್ರಿ?" ಎಂದು ಕೇಳಲಿ ಎಂದು ನಡೆದರು. ಕೇಳಿದವರಿಗೆಲ್ಲ, "ಎಲ್ಲೂ ಇಲ್ರಿ, ಸಣ್ಣಾಕಿಗೆ ಡಾಕ್ಟರ್ ಸೀಟು ಸಿಕ್ಕೈತಿ, ಸುಮ್ನ ಅಡ್ಡಾಡಾಕತ್ತೇನಿ" ಅಂದರು. ನಮ್ಮ ಓಣಿಯಿಂದ ಡಾಕ್ಟರ್ ಆಗಲು ಹೋದ ಮೊದಲ ಹುಡುಗಿ ಆಕೆ.

ಎಂಬಿಬಿಎಸ್ ಮುಗಿದ ಮೇಲೆ ಆಕೆ ಮೈಕ್ರೋಬಯಾಲಜಿ ತೆಗೆದುಕೊಂಡಳು. ರೋಗಾಣುಗಳನ್ನು ಪರೀಕ್ಷಿಸುವ ವಿದ್ಯೆ. ಆಗ ನನಗೆ ಸ್ವಲ್ಪ ಬೇಸರವಾದದ್ದು ನಿಜ. ಹೆರಿಗೆ ಡಾಕ್ಟರೋ ಮಕ್ಕಳ ಡಾಕ್ಟರೋ ಆಗಿದ್ದರೆ ಮನೆಯ ಮುಂದೆ ಬೋರ್ಡು ಇರುತ್ತಿತ್ತು. ಓಣಿಯವರು, "ಅಲ್ಲಬೇ, ನಿನ್ನ ತಂಗಿ ಪೇಷಂಟ್ ನೋಡಾಂಗಿಲ್ಲಂತ? ಬರೇ ಬಾಟ್ಲಿ ನೋಡ್ತಾಳಂತ?" ಎಂದು ಕೇಳುತ್ತಿದ್ದರು. "ಬಾಟ್ಲಿಯೊಳಗ ಏನೈತಿ ಅನ್ನೂದು ಗೊತ್ತಾಗದ ನಿಮ್ಮ ಡಾಕ್ಟರ್ ಔಷಧ ಏನ್ ಬರೀತಾರ?" ಎಂದು ನಾನು ಜಗಳಕ್ಕೆ ನಿಂತ ಹಾಗೆ ಉತ್ತರಿಸುತ್ತಿದ್ದೆ. ಉತ್ತರ ಆಕೆಯಿಂದಲೇ ಕಲಿತದ್ದು. ಅದರ ಅರ್ಥ ನನಗೆ ಸರಿಯಾಗಿ ತಿಳಿದದ್ದು ಆಮೇಲೆ.

ಅಷ್ಟರಲ್ಲಿ ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದೆ, ಮದುವೆಯೂ ಆಗಿತ್ತು. ನಮ್ಮ ಮನೆಯವರದು ಕೇಶ್ವಾಪುರದಲ್ಲಿ ಆಟದ ಸಾಮಾನಿನ ಅಂಗಡಿ. ಶಾಲೆಗೆ ವಾಲಿಬಾಲ್ ಕೊಳ್ಳಲು ಹೋಗಿ, ಚೆಂಡಿನ ಹೊಲಿಗೆ ಸರಿಯಿಲ್ಲವೆಂದು ಅವರ ಜೊತೆ ವಾದ ಮಾಡಿ, ಮೂರನೆಯ ಸಲ ವಾದಕ್ಕೆ ಹೋದಾಗ ಅವರೇ ಮದುವೆಯ ಮಾತು ತೆಗೆದರು. ಹುಬ್ಬಳ್ಳಿಯಲ್ಲಿ ಅವರ ಅಂಗಡಿ, ಧಾರವಾಡದಲ್ಲಿ ನನ್ನ ಅಪ್ಪ. ಎರಡಕ್ಕೂ ನಡುವೆ ಇರಲಿ ಎಂದು ನವನಗರದಲ್ಲಿ ಮನೆ ಮಾಡಿದೆವು. ಕೆಲವು ವರ್ಷಗಳಾದ ಮೇಲೆ ಅಪ್ಪ ತೀರಿಕೊಂಡರು. ತಂಗಿ ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ ನಮ್ಮ ಮನೆಗೇ ಬಂದಳು.

ನನ್ನ ಕಾಯಿಲೆ ಶುರುವಾದದ್ದು ಕೀಲುನೋವಿನಿಂದ. ಬೆರಳು ಬಾತವು, ಬಿಸಿಲಿಗೆ ನಿಂತರೆ ಕೆನ್ನೆ ಕೆಂಪಾಗಿ ಉರಿಯಿತು, ಬಾಚಣಿಕೆಯಲ್ಲಿ ಕೂದಲು ಹಿಡಿ ಹಿಡಿಯಾಗಿ ಬಂತು. ಬಿಸಿಲೇ ಕಸುಬಾದವಳಿಗೆ ಬಿಸಿಲು ಆಗದಂಥ ಕಾಯಿಲೆ. ಲೂಪಸ್ ಅಂದರು. ಮೈಯನ್ನು ಕಾಯುವ ಶಕ್ತಿಯೇ ತಿರುಗಿ ಮೈಮೇಲೆ ಬೀಳುವ ರೋಗ. ಅದನ್ನು ಸ್ಟೀರಾಯ್ಡ್ ಗುಳಿಗೆ ಕೊಟ್ಟು ಅಡಗಿಸಿ ಇಡಬೇಕು. ಮುಖ ದುಂಡಗಾಯಿತು. ಶಾಲೆಯಲ್ಲಿ ಮಕ್ಕಳು, "ಟೀಚರ್ ಭಾಳ ದಪ್ಪ ಆಗ್ಯಾರ" ಎಂದು ಪಿಸುಗುಟ್ಟಿದರೆ, "ದಪ್ಪ ಆದ್ರೇನು, ಈಗೂ ನಿಮ್ಮನ್ನ ಹಿಡೀತೇನಿ ಬರ್ರಿ" ಅನ್ನುತ್ತಿದ್ದೆ. ಹಿಡಿಯಲು ಆಗುತ್ತಿರಲಿಲ್ಲ. ಬೇವಿನ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಆಡಿಸುತ್ತಿದ್ದೆ. ಆದರೂ ನನ್ನ ತಂಡ ಆ ವರ್ಷ ಜಿಲ್ಲೆಗೆ ಮೊದಲು ಬಂತು. ಅದನ್ನು ಇಲ್ಲಿ ಬರೆಯದೆ ಬಿಡಲಾರೆ.

ಆ ದಿನಗಳಲ್ಲಿ ತಂಗಿ ರಾತ್ರಿ ಊಟಕ್ಕೆ ಕೂತಾಗ ಲ್ಯಾಬಿನ ಮಾತೇ ಆಡುತ್ತಿದ್ದಳು. ಎರಡು ಸಾವಿರದ ಇಸವಿ ದಾಟಿತ್ತು. ಎಚ್‌ಐವಿ ಬಂದವರು ಸುತ್ತಲ ಊರುಗಳಿಂದ ಆಸ್ಪತ್ರೆಗೆ ಬರುತ್ತಿದ್ದರು, ಅವರಲ್ಲಿ ಕೆಲವರಿಗೆ ತಲೆನೋವು ಬಂದು ಬಹಳ ಬೇಗ ಸಾವು ಬರುತ್ತಿತ್ತು. ಅದು ಕ್ರಿಪ್ಟೋಕಾಕಸ್ ಎಂಬ ಒಂದು ಫಂಗಸ್‌ನಿಂದ, ಮಣ್ಣಿನಲ್ಲಿ, ಪಾರಿವಾಳದ ಹಿಕ್ಕೆಯಲ್ಲಿ ಇರುತ್ತದೆ, ಗಾಳಿಯಲ್ಲಿ ಬಂದು ಎಲ್ಲರ ಪುಪ್ಪುಸಕ್ಕೂ ಹೋಗುತ್ತದೆ, ಗಟ್ಟಿ ಇದ್ದವರಿಗೆ ಏನೂ ಆಗುವುದಿಲ್ಲ, ಮೈಯ ಕಾವಲು ಸೋತವರಲ್ಲಿ ಮಾತ್ರ ರಕ್ತಕ್ಕೆ ಇಳಿದು ಮಿದುಳಿನ ಪೊರೆಗೆ ಹತ್ತುತ್ತದೆ ಎಂದು ಹೇಳುತ್ತಿದ್ದಳು. ಬೆನ್ನಿನ ನೀರು, ಅಂದರೆ ಬೆನ್ನುಹುರಿಯ ಸುತ್ತ ಇರುವ ದ್ರವ, ತೆಗೆದು ಕಪ್ಪು ಶಾಯಿಯಲ್ಲಿ ಕಲಸಿ ಸೂಕ್ಷ್ಮದರ್ಶಕದ ಕೆಳಗೆ ಹುಡುಕಿದರೆ ಒಮ್ಮೊಮ್ಮೆ ಕಾಣುತ್ತದೆ, ಒಮ್ಮೊಮ್ಮೆ ಇಲ್ಲ. ರಕ್ತದಲ್ಲೇ ಅದನ್ನು ಹಿಡಿಯುವ ಪರೀಕ್ಷೆ ಇದೆ, ನಮ್ಮ ಲ್ಯಾಬಿಗೂ ಬೇಕು ಎಂದು ಆಕೆ ತನ್ನ ವಿಭಾಗದ ಮುಖ್ಯಸ್ಥೆಗೆ ದುಂಬಾಲು ಬಿದ್ದಿದ್ದಳು. ಆ ಮೇಡಂ ಖಡಕ್ ಹೆಂಗಸು. "ತರಸೋದು ದೊಡ್ಡ ಮಾತಲ್ಲ. ಕಲ್ತು ಮಾಡ್ತೀಯೇನು?" ಎಂದು ಕೇಳಿ, ಕೊನೆಗೆ ತರಿಸಿಕೊಟ್ಟರು. ಮಂಜುಗಡ್ಡೆಯ ಡಬ್ಬಿಯಲ್ಲಿ ಆ ಕಿಟ್ ಬಂದ ದಿನ ತಂಗಿ ಮನೆಗೆ ಬಂದು, ಯಾವುದೋ ದೊಡ್ಡ ಸೀರೆ ಖರೀದಿಯಾದ ಹಾಗೆ ಖುಷಿಪಟ್ಟಳು. ನಮ್ಮ ಮನೆಯವರು, "ಸೀರಿನರ ತಂದಿದ್ರ ನೋಡಾಕರ ಬರ್ತಿತ್ತು" ಎಂದು ತಮಾಷೆ ಮಾಡಿದರು.

ಆ ವರ್ಷದ ಮಳೆಗಾಲದಲ್ಲಿ ನನಗೆ ತಲೆನೋವು ಹತ್ತಿತು. ಮೊದಲು ಬೆಳಗಿನ ಹೊತ್ತು ಮಾತ್ರ ಬರುತ್ತಿತ್ತು. ಚಷ್ಮಾ ಬದಲಿಸಿದೆ. ಗುಳಿಗೆ ನುಂಗಿದೆ. ತಂಗಿಗೆ ಹೇಳಲಿಲ್ಲ, ಆಕೆ ಪರೀಕ್ಷೆಯೊಂದಕ್ಕೆ ತಯಾರಿ ನಡೆಸಿದ್ದಳು. ಆಗಸ್ಟ್ ಹದಿನೈದರ ಕವಾಯತು ಕಲಿಸುತ್ತಿದ್ದಾಗ ಮಕ್ಕಳ ಸಾಲು ಎರಡೆರಡಾಗಿ ಕಂಡಿತು. ಒಂದೊಂದು ಹುಡುಗಿಯ ಪಕ್ಕಕ್ಕೆ ಅದೇ ಹುಡುಗಿ. "ಯಾಕ್ರೇ, ಇಷ್ಟ ಮಂದಿ ಎಲ್ಲಿಂದ ಬಂದ್ರಿ?" ಎಂದು ಕೇಳಿದೆನಂತೆ. ಆಮೇಲೆ ವಾಂತಿ ಮಾಡಿಕೊಂಡು ನೆಲಕ್ಕೆ ಕೂತೆ. ಹೆಡ್‌ಮಾಸ್ತರರು ರಿಕ್ಷಾ ತರಿಸಿದರು. ಅಂಗಡಿಯಿಂದ ನಮ್ಮ ಮನೆಯವರು ಓಡಿಬಂದರು. ತಂಗಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ ನನ್ನನ್ನು ಸೇರಿಸಿದರು.

ಅಲ್ಲಿಯ ಹಿರಿಯ ಡಾಕ್ಟರು ನನ್ನನ್ನು ಮೊದಲಿನಿಂದಲೂ ನೋಡುತ್ತಿದ್ದವರು. ಒಳ್ಳೆಯ ಮನುಷ್ಯ, ರೋಗಿಯ ಹಾಸಿಗೆಯ ಪಕ್ಕ ಕೂತು ಮಾತಾಡುವವರು. ತಲೆಯ ಸ್ಕ್ಯಾನ್ ಮಾಡಿಸಿದರು, ಗಡ್ಡೆ ಏನೂ ಇರಲಿಲ್ಲ. ಮುಂದೆ ಬೆನ್ನಿನ ನೀರು ತೆಗೆದು ನೋಡಬೇಕು. ಆದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ನನ್ನಲ್ಲಿ ತೀರ ಇಳಿದುಹೋಗಿದ್ದವು. ಬೆನ್ನಿಗೆ ಸೂಜಿ ಚುಚ್ಚಿದರೆ ಒಳಗೆ ರಕ್ತ ಸೋರಿ ಕಾಲಿನ ಸ್ವಾಧೀನವೇ ತಪ್ಪಬಹುದು ಎಂದರು. ಅವರ ಅಂದಾಜಿನಲ್ಲಿ ಲೂಪಸ್ಸೇ ಮಿದುಳಿಗೆ ಹೋಗಿತ್ತು. ಅದಕ್ಕೆ ಮದ್ದು ಸ್ಟೀರಾಯ್ಡೇ. ಗುಳಿಗೆಯಲ್ಲ, ದೊಡ್ಡ ಪ್ರಮಾಣದಲ್ಲಿ ನರಕ್ಕೆ ಹನಿಸುವುದು. ಮಧ್ಯಾಹ್ನವೇ ಶುರು ಮಾಡುವುದೆಂದು ನಿಶ್ಚಯವಾಯಿತು.

ನಾನು ಕಣ್ಣು ಮುಚ್ಚಿ ಮಲಗಿದ್ದೆ. ಬೆಳಕು ಚುಚ್ಚುತ್ತಿತ್ತು. ಪಕ್ಕದಲ್ಲಿ ಚಪ್ಪಲಿ ಸಪ್ಪಳ ಕೇಳಿ ತಂಗಿ ಬಂದಳೆಂದು ತಿಳಿದೆ. ಆಕೆ ನನ್ನ ಕತ್ತಿನ ಹಿಂದೆ ಕೈಯಿಟ್ಟು ತಲೆಯನ್ನು ಮೆಲ್ಲಗೆ ಎತ್ತಿ ನೋಡಿದಳು. ಕತ್ತು ಕಟ್ಟಿಗೆಯ ಹಾಗಿತ್ತು.

"ಅಕ್ಕಾ, ತಲಿನೋವು ಎಂದಿನಿಂದ ಐತಿ? ಖರೇ ಹೇಳು."

"ಮಳಿ ಹತ್ತಿದಾಗಿಂದ."

"ಅಷ್ಟ ದಿನದಿಂದ? ಒಂದ ಮನ್ಯಾಗ ಇದ್ದು ನನಗ ಹೇಳಲಿಲ್ಲ ನೀ."

ಉತ್ತರಕ್ಕೆ ಆಕೆ ಕಾಯಲಿಲ್ಲ. ಅಷ್ಟರಲ್ಲಿ ಡಾಕ್ಟರು ಬಂದರು. ಮುಂದಿನ ಮಾತು ನನ್ನ ಹಾಸಿಗೆಯ ಪಕ್ಕದಲ್ಲೇ ನಡೆಯಿತು. ತಲೆ ಸಿಡಿಯುತ್ತಿದ್ದರೂ ಕಿವಿ ತೆರೆದಿತ್ತು. ನಡುವೆ ತಪ್ಪಿದ್ದನ್ನು ನಮ್ಮ ಮನೆಯವರು ಆಮೇಲೆ ಎಷ್ಟೋ ಸಲ ಹೇಳಿದ್ದಾರೆ; ಈಗ ಯಾವುದು ನಾನು ಕೇಳಿದ್ದು, ಯಾವುದು ಅವರು ಹೇಳಿದ್ದು ಎಂದು ಬೇರೆ ಮಾಡಲು ಬರುವುದಿಲ್ಲ.

"ಸರ್, ಸ್ಟೀರಾಯ್ಡ್ ಹಚ್ಚೂ ಮೊದಲ ಒಂದು ರಕ್ತ ಕೊಡ್ರಿ ನನಗ" ಅಂದಳು ತಂಗಿ. "ಕ್ರಿಪ್ಟೋಕಾಕಸ್ ನೋಡಬೇಕು."

"ಅದು ಎಚ್‌ಐವಿ ಇದ್ದವರಿಗೆ ಬರೋದಲ್ಲವಾ? ನಿಮ್ಮ ಅಕ್ಕಗ ಅದಿಲ್ಲ."

"ಅದಿಲ್ರಿ. ಆದ್ರ ಅಕ್ಕ ವರ್ಷಗಟ್ಟಲೆ ಸ್ಟೀರಾಯ್ಡ್ ತಗೊಂಡಾಳ. ಕಾವಲು ಯಾವುದರಿಂದ ಸೋತ್ರೂ ಸೋತಂಗ. ತಲಿನೋವು ವಾರಗಟ್ಟಲೆ ಐತಿ, ಈಗ ಎರಡೆರಡು ಕಾಣಾಕತ್ತಾವು, ಕತ್ತ ಬಿಗದೈತಿ. ಫಂಗಸ್ ಇದ್ದು ನಾವು ಸ್ಟೀರಾಯ್ಡ್ ಸುರಿದ್ವಿ ಅಂದ್ರ ಆಕಿ ಉಳ್ಯಾಂಗಿಲ್ಲ ಸರ್."

ಡಾಕ್ಟರು ಕೇಳಿದರು, "ಲೂಪಸ್ ಇದ್ದವರ ರಕ್ತದಾಗ ಎಂಥೆಂಥಾವೋ ಇರ್ತಾವು. ನಿಮ್ಮ ಟೆಸ್ಟು ಗಂಟು ಕಟ್ಟೋ ಟೆಸ್ಟು, ಹನಿ ಗಂಟು ಕಟ್ಟಿದ್ರ ಪಾಸಿಟಿವ್. ಆ ರಕ್ತ ಯಾವುದರ ಜೋಡಿ ಬೇಕಾದ್ರೂ ಗಂಟು ಕಟ್ಟತೈತಿ. ಪಾಸಿಟಿವ್ ಬಂತಂದ್ರ ನಾ ಹೆಂಗ ನಂಬಲಿ? ಸುಳ್ಳು ಪಾಸಿಟಿವ್ ನಂಬಿ ಸ್ಟೀರಾಯ್ಡ್ ಕೊಡಲಿಲ್ಲ ಅಂದ್ರ, ಖರೇ ಲೂಪಸ್ ಇದ್ದಾಗ ಅದೂ ಜೀವಕ್ಕ ಬರೋದೇ."

ಒಳ್ಳೆಯ ಪ್ರಶ್ನೆ ಅದು. ಹೆದರಿಸಲು ಕೇಳಿದ್ದಲ್ಲ. ತಂಗಿಯ ಉತ್ತರಕ್ಕಾಗಿ ಅವರು ನಿಜವಾಗಿ ಕಾದರು. ಆಕೆ ಒಂದು ಗಳಿಗೆಯೂ ತಡವರಿಸಲಿಲ್ಲ.

"ಅದಕ್ಕ ಮೊದಲ ಸೀರಮ್‌ಗೆ ಎನ್‌ಜೈಮ್ ಹಾಕಿ ಬಿಸಿಯಾಗ ಇಡ್ತೇವ್ರಿ. ತೊಂದ್ರಿ ಕೊಡೋ ಪ್ರೋಟೀನ್ ಎಲ್ಲಾ ಅದು ಕತ್ತರಿಸಿ ಹಾಕತೈತಿ, ಫಂಗಸ್ಸಿನ ಕವಚದ ತುಣುಕಿಗೆ ಏನೂ ಆಗಾಂಗಿಲ್ಲ. ಮತ್ತ ಎರಡು ಥರದ ಲೇಟೆಕ್ಸ್ ಹಚ್ಚತೇನಿ. ಒಂದು ಫಂಗಸ್ ಹಿಡಿಯೂದು, ಇನ್ನೊಂದು ಖಾಲಿ. ಖಾಲಿದ್ರಾಗೂ ಗಂಟು ಬಂತಂದ್ರ ನಾನ ಬಂದು ಸುಳ್ಳ ಅಂತ ಹೇಳ್ತೇನಿ. ನೀವು ಸ್ಟೀರಾಯ್ಡ್ ಹಚ್ಚರಿ."

"ಮತ್ತ ನೋಡಾಕಿ ನೀನ. ಆಕಿ ನಿನ್ನ ಅಕ್ಕ."

"ನಾ ನೋಡಾಂಗಿಲ್ಲ ಸರ್. ಮೇಡಂ ನೋಡ್ತಾರ. ಯಾವ ಹನಿ ಯಾರದು ಅಂತ ಅವರಿಗೆ ಹೇಳಾಂಗಿಲ್ಲ."

ಡಾಕ್ಟರು ಕೈಗಡಿಯಾರ ನೋಡಿದರು. "ಸಂಜಿತನಾ ತಡೀತೇನಿ. ಆಮ್ಯಾಲ ತಡ್ಯಾಕ ಆಗಾಂಗಿಲ್ಲವಾ."

ಈ ತಂಗಿಗೆ ನಾನು ಜಡೆ ಹಾಕಿದ್ದೆ. ಎದುರಿನವರ ಮುಖ ನೋಡಿ ಮಾತಾಡು, ಗೊಣಗಬೇಡ ಎಂದು ಗದರಿದ್ದೆ. ಆ ಹೊತ್ತಿಗೆ ನಾನು ಸಾಯಬಹುದು ಎಂಬುದು ನನಗೂ ಅರ್ಥವಾಗಿತ್ತು, ಆದರೂ ನನ್ನ ಮನಸ್ಸಿನಲ್ಲಿದ್ದದ್ದು ಹೆದರಿಕೆಗಿಂತ ಹೆಚ್ಚಾಗಿ ಬೇರೊಂದು. ನೋಡ್ರಿ, ಇಕಿ ನನ್ನ ತಂಗಿ ಎಂದು ಆ ವಾರ್ಡಿಗೆಲ್ಲ ಹೇಳಬೇಕೆನ್ನಿಸಿತ್ತು. ಬಾಯಿ ಏಳಲಿಲ್ಲ.

ರಕ್ತವನ್ನು ಆಕೆಯೇ ತೆಗೆದಳು. ನನ್ನ ಮೊಣಕೈ ಮಡಿಕೆಯಲ್ಲಿ ನರ ಸಿಗುತ್ತಿರಲಿಲ್ಲ. ಆಕೆ ಬಟ್ಟೆಯಿಂದ ಬಿಸಿ ಕೊಟ್ಟು, ಬೆರಳಿಂದ ಒತ್ತಿ ಒತ್ತಿ ಹುಡುಕಿ, ಒಂದೇ ಸಲಕ್ಕೆ ಸೂಜಿ ಹಾಕಿದಳು. "ಅಂಜಬ್ಯಾಡ" ಅಂದಳು. ನನಗೆ ಹೇಳಿದಳೋ ತನಗೋ ಗೊತ್ತಿಲ್ಲ.

ನಮ್ಮ ಮನೆಯವರು ಆಕೆಯ ಹಿಂದೆಯೇ ಹೋಗಿ ಲ್ಯಾಬಿನ ಬಾಗಿಲಲ್ಲಿ ನಿಂತರು. ಒಳಗೆ ಬರಬೇಡಿ ಎಂದು ಯಾರೂ ಹೇಳಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ. ಅವರು ನೋಡಿದ್ದು ಇಷ್ಟು. ತಂಗಿ ನನ್ನ ರಕ್ತವನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ಮೇಲಿನ ಹಳದಿ ನೀರನ್ನು ಬೇರೆ ಮಾಡಿದಳು. ಅದಕ್ಕೆ ಏನೋ ಹನಿಸಿ ಬಿಸಿನೀರಿನ ತೊಟ್ಟಿಯಲ್ಲಿ ಇಟ್ಟಳು. ಕೈಕಟ್ಟಿ ನಿಂತಳು, ಕೂಡಲಿಲ್ಲ. ಆಮೇಲೆ ಅದನ್ನು ಕುದಿಯುವ ನೀರಿಗೆ ಸರಿಸಿ ತೆಗೆದಳು. ಕಪ್ಪು ಹಾಳೆಯಂಥ ಒಂದು ಕಾರ್ಡು ತೆಗೆದಳು, ಅದರ ಮೇಲೆ ಬಿಳಿ ಉಂಗುರಗಳು. ಒಂದೊಂದು ಉಂಗುರದಲ್ಲಿ ಒಂದೊಂದು ಹನಿ ಬಿಟ್ಟು, ಎಲ್ಲದಕ್ಕೂ ಲೇಟೆಕ್ಸ್ ಎಂಬ ಹಾಲಿನಂಥ ದ್ರವದ ಹನಿ ಸೇರಿಸಿ ಕಡ್ಡಿಯಿಂದ ಕಲಸಿದಳು. ಕಾರ್ಡನ್ನು ಕೈಯಲ್ಲಿ ಹಿಡಿದು, ಮಗುವನ್ನು ತೂಗಿದ ಹಾಗೆ ಮೆಲ್ಲಗೆ ತಿರುಗಿಸತೊಡಗಿದಳು. ಆಕೆಯ ಕಣ್ಣು ಕಾರ್ಡಿನ ಮೇಲೆ ಇರಲಿಲ್ಲವಂತೆ, ಕಿಟಕಿಯ ಕಡೆಗಿತ್ತಂತೆ. ಮಾತು ಕೊಟ್ಟಿದ್ದಳಲ್ಲ, ತಾನು ನೋಡುವುದಿಲ್ಲವೆಂದು.

ತಿರುಗಿಸಿ ಮುಗಿದ ಮೇಲೆ ಮೇಡಂ ಬಂದು ಚಷ್ಮಾ ಏರಿಸಿಕೊಂಡು ಬಗ್ಗಿದರು. ಒಂದೊಂದೇ ಉಂಗುರಕ್ಕೆ ಬೆರಳಿಟ್ಟು ಓದಿದರು. "ಇದು ಒಡದೈತಿ. ಇದು ಇಲ್ಲ. ಇದೂ ಇಲ್ಲ. ಇದು ಭಾಳ ಛಲೋ ಒಡದೈತಿ." ಹಾಲು ಒಡೆದರೆ ಹೇಗೆ ಹರಳು ಹರಳಾಗಿ ನೀರು ತಿಳಿಯಾಗುತ್ತದೋ ಹಾಗೆ ಆ ಕೊನೆಯ ಹನಿ ಆಗಿತ್ತೆಂದು ನಮ್ಮ ಮನೆಯವರು ಹೇಳುತ್ತಾರೆ. ತಂಗಿ ಚೀಟಿಯ ಮೇಲೆ ಬರೆದುಕೊಂಡಿದ್ದ ಕ್ರಮ ನೋಡಿದಳು. ಮೊದಲನೆಯದು ಒಡೆಯಲೇಬೇಕೆಂದು ಹಾಕಿದ ಹನಿ, ಒಡೆದಿತ್ತು. ಎರಡನೆಯದು ಒಡೆಯಬಾರದೆಂದು ಹಾಕಿದ್ದು, ಒಡೆದಿರಲಿಲ್ಲ. ಮೂರನೆಯದು ನನ್ನ ರಕ್ತಕ್ಕೆ ಖಾಲಿ ಲೇಟೆಕ್ಸ್ ಸೇರಿಸಿದ್ದು. ಅದೂ ಒಡೆದಿರಲಿಲ್ಲ. ಒಡೆದ ಆ ಕೊನೆಯದು ನನ್ನ ರಕ್ತಕ್ಕೆ ಫಂಗಸ್ ಹಿಡಿಯುವ ಲೇಟೆಕ್ಸ್ ಸೇರಿಸಿದ್ದು.

"ಯಾರದಿದು?" ಎಂದು ಮೇಡಂ ಕೇಳಿದರು.

"ನಮ್ಮ ಅಕ್ಕಂದು ಮೇಡಂ."

ಆ ಖಡಕ್ ಹೆಂಗಸು ಆಕೆಯ ಬೆನ್ನ ಮೇಲೆ ಕೈಯಿಟ್ಟರು. "ನೀರು ಬೆರಸಿ ಬೆರಸಿ ಮತ್ತೊಮ್ಮೆ ಮಾಡು. ಎಷ್ಟು ತೆಳು ಮಾಡಿದ್ರೂ ಒಡೀತೈತೇನು ನೋಡೋಣು" ಅಂದರು. ಮತ್ತೆ ಮಾಡಿದರು. ಎಷ್ಟು ತೆಳುವಾಗಿಸಿದರೂ ಒಡೆಯಿತು. ಫಂಗಸ್ಸಿನ ಕವಚದ ತುಣುಕುಗಳು ನನ್ನ ರಕ್ತದಲ್ಲಿ ಅಷ್ಟು ತುಂಬಿದ್ದವು.

ತಂಗಿ ವಾರ್ಡಿಗೆ ಬಂದಾಗ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಡಾಕ್ಟರು ಹೊರಗಿನ ವರಾಂಡದಲ್ಲೇ ಸಿಕ್ಕರಂತೆ. ಆಕೆ ಉಂಗುರ ಉಂಗುರದ ಲೆಕ್ಕ ಹೇಳಿದಳು. ಅವರು ಎರಡು ಪ್ರಶ್ನೆ ಕೇಳಿದರು, ಆಮೇಲೆ ನರ್ಸಮ್ಮನನ್ನು ಕರೆದು ಮಧ್ಯಾಹ್ನದಿಂದ ತಯಾರಾಗಿದ್ದ ಸ್ಟೀರಾಯ್ಡ್ ಬಾಟಲಿಯನ್ನು ತೆಗೆಸಿಬಿಟ್ಟರು. ನನ್ನ ಬಳಿ ಬಂದು ಕುರ್ಚಿ ಎಳೆದು ಕೂತರು.

"ಟೀಚರ್, ನಿಮ್ಮ ತಂಗಿ ಇವತ್ತ ನಿಮ್ಮನ್ನಷ್ಟ ಅಲ್ಲ, ನನ್ನನ್ನೂ ಉಳಿಸಿದ್ಲು" ಅಂದರು. ನಾನು ನಗಲು ನೋಡಿದೆ. ಕೆನ್ನೆ ಎಳೆದದ್ದಷ್ಟೇ, ನಕ್ಕ ಹಾಗೆ ಕಂಡಿತೋ ಇಲ್ಲವೋ.

ಮುಂದಿನ ದಿನಗಳು ಸುಲಭವಿರಲಿಲ್ಲ. ಫಂಗಸ್ಸಿಗೆ ಕೊಡುವ ಆ ಔಷಧಿಯ ಬಾಟಲಿಗೆ ಬೆಳಕು ತಾಗದಂತೆ ಕಪ್ಪು ಕಾಗದ ಸುತ್ತುತ್ತಿದ್ದರು. ಅದು ನರಕ್ಕೆ ಇಳಿಯತೊಡಗಿದರೆ ಮೈ ಗಡಗಡ ನಡುಗುತ್ತಿತ್ತು. ಕಂಬಳಿಯ ಮೇಲೆ ಕಂಬಳಿ ಹೊದಿಸಿ ನಮ್ಮ ಮನೆಯವರು ನನ್ನ ಕಾಲುಗಳನ್ನು ಒತ್ತಿ ಹಿಡಿಯುತ್ತಿದ್ದರು. ಮಂಚ ಟಕಟಕ ಸದ್ದು ಮಾಡುತ್ತಿತ್ತು. ಔಷಧಿಗೆ ಮೂತ್ರಪಿಂಡ ಸೋಲಬಹುದು, ಪೊಟ್ಯಾಶಿಯಂ ಇಳಿಯಬಹುದು ಎಂದು ದಿನವೂ ರಕ್ತ ತೆಗೆದು ನೋಡುತ್ತಿದ್ದರು. ಸ್ಟೀರಾಯ್ಡನ್ನು ಒಮ್ಮೆಲೇ ನಿಲ್ಲಿಸಲಿಕ್ಕೆ ಬರುವುದಿಲ್ಲವೆಂದು ಹಳೆಯ ಗುಳಿಗೆಯನ್ನು ಮೊದಲಿನ ಪ್ರಮಾಣದಲ್ಲೇ ಇಟ್ಟರು, ಆಮೇಲೆ ಮೆಲ್ಲಗೆ ಇಳಿಸಿದರು. ಪ್ಲೇಟ್‌ಲೆಟ್ ಚೀಲಗಳನ್ನು ಏರಿಸಿ, ಸೂಜಿಗೆ ಅಡ್ಡಿಯಿಲ್ಲ ಎಂದಾದ ಮೇಲೆ ಬೆನ್ನಿನ ನೀರು ತೆಗೆದರು. ಒತ್ತಡಕ್ಕೆ ಅದು ಚಿಮ್ಮಿಕೊಂಡು ಬಂತಂತೆ. ಅದು ಹೊರಗೆ ಹೋದದ್ದೇ ತಲೆಯೊಳಗಿನ ಹಿಡಿ ಸಡಿಲಾಯಿತು. ಅಷ್ಟು ದಿನದಲ್ಲಿ ಮೊದಲ ಸಲ ನಾನು, "ಚಹಾ ಕೊಡ್ರಿ" ಎಂದು ಕೇಳಿದೆ.

ಆ ನೀರಿನಲ್ಲಿ ಶಾಯಿ ಕಲಸಿ ತಂಗಿ ನೋಡಿದಳು. ಕಪ್ಪು ಆಕಾಶದಲ್ಲಿ ಚಂದ್ರನ ಸುತ್ತ ಬೆಳಕಿನ ಬಳೆ ಇದ್ದ ಹಾಗೆ ಗುಂಡಗೆ ಕಂಡವು ಎಂದು ಹೇಳಿದಳು. ರಕ್ತ ಹೇಳಿದ್ದು ಖರೇ ಇತ್ತು.

"ಚಂದ ಅದಾವೇನು?" ಎಂದು ಕೇಳಿದೆ.

"ಸುಳ್ಳ ಹೇಳಾಂಗಿಲ್ಲ ಅಕ್ಕಾ, ಭಾಳ ಚಂದ ಅದಾವು" ಅಂದಳು, ಅಂದು ತಾನೇ ನಾಚಿದಳು.

ದಿನದಿನಕ್ಕೆ ಎರಡಾಗಿದ್ದ ಬಾಗಿಲು ಒಂದಾಯಿತು, ಎರಡಾಗಿದ್ದ ನಮ್ಮ ಮನೆಯವರೂ ಒಬ್ಬರಾದರು. ಔಷಧಿ ಮುಗಿಸಿ, ಮುಂದೆ ಬಹಳ ಕಾಲ ನುಂಗಬೇಕಾದ ಗುಳಿಗೆಗಳ ಚೀಲ ಹಿಡಿದು ನವನಗರಕ್ಕೆ ಬಂದೆ. ಗೇಟಿನಿಂದ ಬಾಗಿಲಿಗೆ ನಡೆಯುವುದರೊಳಗೆ ದಣಿದೆ. ಶಾಲೆಯ ಹುಡುಗಿಯರು ಗುಂಪಾಗಿ ನೋಡಲು ಬಂದರು. ಒಬ್ಬಳು, "ಟೀಚರ್, ಈಗ ನಮ್ಮನ್ನ ಹಿಡೀತೀರೇನ್ರಿ?" ಎಂದು ಕೇಳಿದಳು. "ದೀಪಾವಳಿ ಮುಗಿಲಿ, ನೋಡ್ಕೋತೇನಿ" ಅಂದೆ. ದೀಪಾವಳಿಗೆ ಆಗಲಿಲ್ಲ, ಯುಗಾದಿಯ ಹೊತ್ತಿಗೆ ಮೈದಾನಕ್ಕೆ ಹೋದೆ.

ನಡುವೆ ಒಮ್ಮೆ ನಾನು ಬಹಳ ಹೆದರಿದ್ದೆ. ತಿಂಗಳುಗಳಾದ ಮೇಲೆ ಮತ್ತೆ ಅದೇ ರಕ್ತ ಪರೀಕ್ಷೆ ಮಾಡಿದಾಗ ಹನಿ ಮತ್ತೆ ಒಡೆದಿತ್ತು. "ಹೋಗಿಲ್ಲಂದ್ರ ಹೋಗಿಲ್ಲ ಅಂತ ಹೇಳಿಬಿಡು" ಎಂದು ತಂಗಿಯ ಮೇಲೆ ರೇಗಿದೆ. ಆಕೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಸಣ್ಣ ಮಗುವಿಗೆ ಹೇಳುವ ಹಾಗೆ ಹೇಳಿದಳು.

"ಈ ಟೆಸ್ಟು ಹಿಡಿಯೂದು ಅದರ ಕವಚ ಅಷ್ಟ. ಒಳಗಿನ ಜೀವ ಸತ್ತ ಮ್ಯಾಲೂ ಕವಚದ ಚೂರು ರಕ್ತದಾಗ ಭಾಳ ದಿನ ಅಡ್ಡಾಡ್ತಾವು. ರೋಗ ಐತೇನು ಅಂತ ಮೊದಲ ಸಲ ಕೇಳು, ಈ ಟೆಸ್ಟು ಛಲೋ ಹೇಳ್ತೈತಿ. ಗುಣ ಆತೇನು ಅಂತ ಇದನ್ನ ಕೇಳಬ್ಯಾಡ. ಅದಕ್ಕ ನಿನ್ನ ತಲಿ ಕೇಳು, ಬೆನ್ನಿನ ನೀರು ಕೇಳು. ತಲಿ ನೋಯತೈತೇನು?"

"ಇಲ್ಲ."

"ಬೆನ್ನಿನ ನೀರಿನಾಗ ಬೆಳಸಿ ನೋಡೇವಿ, ಒಂದೂ ಹುಟ್ಟಿಲ್ಲ. ಗುಳಿಗಿ ಮಾತ್ರ ಬಿಡಬ್ಯಾಡ. ಬಿಟ್ಟಿ ಅಂದ್ರ ನಾನ ಬಂದು ಬಾಯಾಗ ಹಾಕ್ತೇನಿ."

ತನ್ನ ಪರೀಕ್ಷೆ ಏನು ಹೇಳಲಾರದು ಎಂಬುದನ್ನೂ ಆಕೆ ಅಷ್ಟೇ ನಿಚ್ಚಳವಾಗಿ ಹೇಳಿದಳು. ಆಕೆಯ ಮೇಲೆ ನನ್ನ ಭರವಸೆ ಹೆಚ್ಚಿದ್ದು ಅದರಿಂದ. ತನಗೆ ಗೊತ್ತಿದ್ದದ್ದನ್ನು ದೊಡ್ಡದು ಮಾಡಿ ಹೇಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನಾನೂ ಅಂಥವಳೇ ಒಬ್ಬಳು.

ಆ ಆಸ್ಪತ್ರೆಯಲ್ಲಿ ಆಮೇಲೆ ಒಂದು ರೂಢಿ ಬಿತ್ತು. ಮೈಯ ಕಾವಲು ಇಳಿದವರು ಯಾರೇ ತಲೆನೋವೆಂದು ಬರಲಿ, ಬೆನ್ನಿಗೆ ಸೂಜಿ ಹಾಕಲು ಆಗದಿದ್ದರೂ ರಕ್ತವನ್ನು ತಂಗಿಯ ಲ್ಯಾಬಿಗೆ ಕಳಿಸುವುದು. ಹಿರಿಯ ಡಾಕ್ಟರೇ ಅದನ್ನು ಹಟದಿಂದ ನಡೆಸಿದರು. ಕೆಲವರು ಉಳಿದರು. ತಡವಾಗಿ ಬಂದ ಕೆಲವರು ಉಳಿಯಲಿಲ್ಲ. ಅಂಥ ದಿನ ತಂಗಿ ಊಟಕ್ಕೆ ಕೂತರೂ ಮಾತಾಡುತ್ತಿರಲಿಲ್ಲ, ನಾವೂ ಕೇಳುತ್ತಿರಲಿಲ್ಲ.

ಒಂದೆರಡು ವರ್ಷಗಳಾದ ಮೇಲೆ ಸುತ್ತಲಿನ ಊರುಗಳ ಡಾಕ್ಟರುಗಳು, ಲ್ಯಾಬಿನವರು ಸೇರಿದ ಒಂದು ಸಭೆಯಲ್ಲಿ ಆಕೆಗೆ ಮಾತಾಡಲು ಹೇಳಿದರು. ನಾನು ಬರುತ್ತೇನೆಂದು ಹಟ ಮಾಡಿದೆ. "ನಿನಗೇನು ತಿಳೀತೈತಿ ಅಲ್ಲಿ?" ಎಂದಳು. "ತಿಳೀದಿದ್ರ ಸುಮ್ನ ಕುಂಡ್ರತೇನಿ" ಅಂದೆ. ಇಳಕಲ್ ಸೀರೆ ಉಟ್ಟು, ನಮ್ಮ ಮನೆಯವರನ್ನು ಅಂಗಡಿ ಮುಚ್ಚಿಸಿ ಕರೆದುಕೊಂಡು, ಹಿಂದಿನ ಸಾಲಿನಲ್ಲಿ ಕೂತೆ.

ಆಕೆ ಪರದೆಯ ಮೇಲೆ ಚಿತ್ರ ತೋರಿಸುತ್ತ ಮಾತಾಡಿದಳು. ಗೊಣಗಲಿಲ್ಲ, ಎದುರಿನವರ ಮುಖ ನೋಡಿಯೇ ಮಾತಾಡಿದಳು. ಒಂದು ಚಿತ್ರದಲ್ಲಿ ಕಪ್ಪು ಕಾರ್ಡು ಬಂತು. ಅದರಲ್ಲಿ ಒಂದು ಹನಿ ಹರಳುಗಟ್ಟಿತ್ತು. "ಒಬ್ಬ ಶಾಲಾ ಶಿಕ್ಷಕಿ, ಲೂಪಸ್, ಪ್ಲೇಟ್‌ಲೆಟ್ ಕಡಿಮೆ" ಎಂದು ಶುರು ಮಾಡಿದಳು. ಹೆಸರು ಹೇಳಲಿಲ್ಲ, ಅಕ್ಕ ಎಂದೂ ಹೇಳಲಿಲ್ಲ. ನಮ್ಮ ಮನೆಯವರು ಮೊಣಕೈಯಿಂದ ತಿವಿದರು. ನಾನು ಗಟ್ಟಿಯಾಗಿ ಕೂತೆ.

ಕೊನೆಗೆ ಪ್ರಶ್ನೆಗಳು ಬಂದವು. ಹಿರಿಯ ಡಾಕ್ಟರು ಅಂದು ಕೇಳಿದ್ದನ್ನೇ ಮತ್ತೊಬ್ಬರು ಕೇಳಿದರು, ಆಕೆ ಆ ಎನ್‌ಜೈಮಿನ ಮಾತು ಹೇಳಿದಳು. ಗದಗಿನ ಕಡೆಯಿಂದ ಬಂದಿದ್ದ ಒಬ್ಬ ತರುಣ ಡಾಕ್ಟರು ಎದ್ದು, "ಆ ಟೀಚರ್ ಉಳಿದ್ರೇನ್ರಿ ಮೇಡಂ?" ಎಂದರು.

ರೋಗಿಯ ಗುಟ್ಟು ತಾನಾಗಿ ಬಿಡುವವಳಲ್ಲ ಆಕೆ. "ಉಳಿದಾರ್ರಿ" ಎಂದಷ್ಟೇ ಅಂದಳು.

ಗುಟ್ಟು ನನ್ನದು, ಬಿಡುವ ಹಕ್ಕೂ ನನ್ನದೇ. ನಾನು ಎದ್ದು ನಿಂತೆ. "ಉಳಿದೇನ್ರಿ. ನಾನ ಆ ಟೀಚರ್. ಅಕಿ ನನ್ನ ತಂಗಿ" ಅಂದೆ. ಧ್ವನಿ ಮೈದಾನದ್ದೇ ಬಂದುಬಿಟ್ಟಿತು, ಆ ಸಭಾಂಗಣಕ್ಕೆ ಸ್ವಲ್ಪ ಹೆಚ್ಚೇ ಆಯಿತು. ಎಲ್ಲರೂ ತಿರುಗಿ ನೋಡಿದರು, ಆಮೇಲೆ ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನಲ್ಲಿದ್ದ ಖಡಕ್ ಮೇಡಂ ಕೂಡ ಚಷ್ಮಾ ತೆಗೆದು ಒರೆಸಿಕೊಂಡರು. ತಂಗಿ ಮಾತ್ರ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು.

ಹೊರಗೆ ಬಂದ ಮೇಲೆ, "ಎಲ್ಲಾರ ಮುಂದ ಹಂಗ ಒದರಬೇಕೇನು?" ಎಂದು ಬೈದಳು. ಬೈಯುತ್ತಲೇ ನನ್ನ ಕೈಹಿಡಿದು ರಸ್ತೆ ದಾಟಿಸಿದಳು. ಎದುರಿನ ಅಂಗಡಿಯಲ್ಲಿ ಮೂವರೂ ಹಾಳೆಯಲ್ಲಿ ಹಾಕಿಕೊಟ್ಟ ಮಂಡಕ್ಕಿಯ ಗಿರಮಿಟ್ ತಿಂದೆವು. ನನಗೆ ಖಾರ ಆಗುವುದಿಲ್ಲವೆಂದು ಆಕೆ ನನ್ನ ಹಾಳೆಯಲ್ಲಿದ್ದ ಮೆಣಸಿನಕಾಯಿ ತೆಗೆದು ತಾನೇ ತಿಂದಳು, ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಎಂದಳು. ನಾವೂ ಹೌದೆಂದೆವು.